ವರ್ಷಕ್ಕೊಮ್ಮೆ ವಿಷ

ಬೆಳಿಗ್ಗೆ ಹನ್ನೊಂದು ಗಂಟೆಗೆ ಮಿಷನ್ ಆಸ್ಪತ್ರೆಯ ಅಡುಗೆಮನೆಯಿಂದ ಮೌಲ್ವಿಯ ಅತ್ತಿಗೆಯನ್ನು ಹೊರಗೆ ಹಾಕಿದರು. ಒಲೆಯ ಮೇಲೆ ಗಂಜಿ ಕುದಿಯುತ್ತಿತ್ತು. ಇಳಿಸಿಟ್ಟು ಹೋಗುತ್ತೇನೆ ಎಂದಳು. ಪಾತ್ರೆ ಮುಟ್ಟಬೇಡ ಎಂದರು.

ಕಾರಣ ಕೇಳಿದಳು. ಕಾಂಪೌಂಡಿನ ಮ್ಯಾನೇಜರ್ ಒಂದು ಕಿರುಪುಸ್ತಕ ತೋರಿಸಿದ. ಅವಳಿಗೆ ಓದು ಬಾರದು. ಅವನೇ ಓದಿ ಹೇಳಿದ. ಮೈದುನ ಹೊಸ ಮತಕ್ಕೆ ಸೇರಿದ ದಿನ ಅವಳು ಅವನ ಊಟದಲ್ಲಿ ವಿಷ ಬೆರೆಸಿದ್ದಳು. ದೇವರ ದಯೆ, ಅವನು ವಾಂತಿ ಮಾಡಿಕೊಂಡು ಬದುಕಿದ. ಮಿಷನ್ನು ಅವಳನ್ನು ಕ್ಷಮಿಸಿ ಇದೇ ಆಸ್ಪತ್ರೆಯಲ್ಲಿ ಅಡುಗೆ ಕೆಲಸ ಕೊಟ್ಟಿದೆ. ಹೀಗೆಂದು ಅಚ್ಚಾಗಿತ್ತು. ಕಿರುಪುಸ್ತಕವನ್ನು ಹಿಂದಿನ ದಿನ ವಾರ್ಡುಗಳಲ್ಲಿ ಹಂಚಿದ್ದರು. ಹೆರಿಗೆ ವಾರ್ಡಿನಲ್ಲಿ ಒಬ್ಬಳ ಗಂಡ ಅದನ್ನು ಓದಿ, ಹೆಂಡತಿಯ ಕೈಯಲ್ಲಿದ್ದ ಗಂಜಿಯ ಬಟ್ಟಲು ಕಸಿದು ಕಿಟಕಿಯಾಚೆ ಸುರಿದ. ಬೆಳಗಿನ ಗಂಜಿ ಅಷ್ಟೂ ಅಡುಗೆಮನೆಗೆ ವಾಪಸು ಬಂತು.

ಕೆಲಸ ಕೊಟ್ಟದ್ದು ಯಾರ ಕ್ಷಮೆಯೂ ಅಲ್ಲ. ಗಂಡ ಸತ್ತ ಮೇಲೆ ಅವಳು ಆಸ್ಪತ್ರೆಯ ಬಾಗಿಲಿಗೆ ಬಂದು ನಿಂತಿದ್ದಳು. ದೊಡ್ಡ ಹಂಡೆಯನ್ನು ಒಬ್ಬಳೇ ಇಳಿಸುತ್ತೀಯಾ ಎಂದು ದಾದಿಯಮ್ಮ ಕೇಳಿದರು. ಇಳಿಸಿ ತೋರಿಸಿದಳು. ಅಷ್ಟೇ ನಡೆದದ್ದು. ಅಂದಿನಿಂದ ಹೊಗೆ ಕುಡಿದು ಕಣ್ಣು ಕೆಂಪಾಗಿತ್ತು, ಹಂಡೆಯ ಅಂಚು ತಾಗಿ ಮುಂಗೈಯಲ್ಲಿ ಸುಟ್ಟ ಗೆರೆಗಳಾಗಿದ್ದವು. ಈಗ ಮಾಡದ ತಪ್ಪಿಗೆ ಅವಳಿಗೆ ಕ್ಷಮೆಯೂ ಸಿಕ್ಕಿತು, ಶಿಕ್ಷೆಯೂ ಸಿಕ್ಕಿತು.

ಆ ಕಥೆಯ ಮೈದುನ ಆ ಹೊತ್ತಿಗೆ ಕಾಂಪೌಂಡಿನ ಇನ್ನೊಂದು ತುದಿಯಲ್ಲಿ, ಪ್ರೆಸ್ಸಿನ ಪಕ್ಕದ ಕೋಣೆಯಲ್ಲಿ, ಶಾಸ್ತ್ರಗ್ರಂಥದ ಅನುವಾದದ ಕೊನೆಯ ಪ್ರೂಫ್ ತಿದ್ದುತ್ತಿದ್ದ. ತಾನು ವಿಷ ತಿಂದು ಬದುಕಿದವನು ಎಂಬ ಸಂಗತಿ ಅವನಿಗೆ ಹೊಸದಲ್ಲ. ಅದನ್ನು ಅವನು ವರ್ಷಕ್ಕೊಮ್ಮೆ ಮೈಕಿನಲ್ಲಿ ಕೇಳುತ್ತಿದ್ದ.

ಕಾಂಪೌಂಡಿನವರು ಅವನನ್ನು ಮೌಲ್ವಿ ಎನ್ನುತ್ತಿದ್ದರು. ಮೌಲ್ವಿಯ ಕೆಲಸ ಬಿಟ್ಟು ಇಲ್ಲಿಗೆ ಬಂದು ಅವನ ಗಡ್ಡ ಬೆಳ್ಳಗಾಗಿತ್ತು. ಬಿಟ್ಟುಬಂದ ಬೀದಿಯವರು ಪಾದ್ರಿ ಎನ್ನುತ್ತಿದ್ದರು. ಮಿಷನ್ನು ಅವನನ್ನು ಪಾದ್ರಿ ಮಾಡಿಯೇ ಇರಲಿಲ್ಲ. ಕೇಳಿದಾಗಲೆಲ್ಲ ಇನ್ನೂ ಸ್ವಲ್ಪ ಮಾಗಲಿ ಎನ್ನುತ್ತಿತ್ತು. ಹೀಗೆ ಎರಡೂ ಕಡೆ ಅವನಿಗೆ ತನ್ನದಲ್ಲದ ಹುದ್ದೆಯ ಮರ್ಯಾದೆ ಸಲ್ಲುತ್ತಿತ್ತು. ಸಂಬಳ ಮಾತ್ರ ಯಾವ ಹುದ್ದೆಯದೂ ಅಲ್ಲ.

ಹುಟ್ಟಿದ್ದು ಮಸೀದಿಯ ಹಿಂದಿನ ಮನೆಯಲ್ಲಿ. ಅಪ್ಪ ಮೌಲ್ವಿ, ಅಜ್ಜ ಮೌಲ್ವಿ. ಮೀಸೆ ಮೂಡುವ ಮೊದಲೇ ಗ್ರಂಥವಿಡೀ ಬಾಯಿಪಾಠವಾಗಿತ್ತು. ಕಂಠ ಚೆನ್ನಾಗಿತ್ತು. ತನ್ನ ಕಂಠ ಚೆನ್ನಾಗಿದೆ ಎಂಬುದು ಅವನಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು. ಅಪ್ಪನ ನಂತರ ಮಸೀದಿಯ ಕೆಲಸ ಅವನ ಪಾಲಿಗೆ ಬಂತು. ಪ್ರಾರ್ಥನೆಗೆ ಕೂಗುವುದು, ಮಕ್ಕಳಿಗೆ ಪಾಠ ಹೇಳುವುದು, ಮದುವೆ ಓದಿಸುವುದು. ಜೊತೆಗೆ ಉಳಿದವರು ಮುಖ ತಿರುಗಿಸುವ ಕೆಲಸವೂ ಒಂದಿತ್ತು. ದಿಕ್ಕಿಲ್ಲದವರು ಸತ್ತರೆ ಹೆಣ ತೊಳೆಯಬೇಕು. ಉಗುರುಬೆಚ್ಚಗಿನ ನೀರು. ಮೊದಲು ಬಲಗಡೆ. ಹೊಟ್ಟೆಯನ್ನು ಮೆಲ್ಲಗೆ ಒತ್ತಬೇಕು. ಬಿಗಿದುಕೊಂಡ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕು. ಕಾಲು ಕೊನೆಗೆ. ಕೂಲಿಯವರ ಕಾಲು, ಸೀಳಿದ ಹಿಮ್ಮಡಿ, ಉಗುರು ಬಿದ್ದುಹೋದ ಬೆರಳು. ಬದುಕಿದ್ದಾಗ ಆ ಕಾಲುಗಳನ್ನು ಯಾರೂ ಮುಟ್ಟಿರಲಿಲ್ಲ.

ಮಿಷನ್ನಿನವರು ಪೇಟೆಯಲ್ಲಿ ವಾಚನಾಲಯ ತೆರೆದರು. ವಾದ ಮಾಡಿ ಅವರನ್ನು ಸೋಲಿಸಿ ಬರುತ್ತೇನೆಂದು ಮೌಲ್ವಿ ಬೀದಿಗೆಲ್ಲ ಹೇಳಿ ಹೊರಟ. ಅಲ್ಲಿ ಕೂತಿದ್ದ ಮುದುಕನಿಗೆ ವಾದ ಬೇಕಿರಲಿಲ್ಲ. ಪುಸ್ತಕ ಕೈಗಿತ್ತು ತೂಕಡಿಸತೊಡಗಿದ. ಪುಸ್ತಕ ಮಸೀದಿಯಲ್ಲಿ ಕಲಿತ ಶಾಸ್ತ್ರದ ಭಾಷೆಯಲ್ಲೇ ಇತ್ತು. ಮೌಲ್ವಿ ಕೆಂಪು ಪೆನ್ಸಿಲ್ ತೆಗೆದು ತಪ್ಪು ಗುರುತು ಹಾಕುತ್ತ ಹೋದ. ಪುಟಪುಟಕ್ಕೂ ಗುರುತು. ಗುರು ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು, ಬೋಗುಣಿಯಲ್ಲಿ ನೀರು ತಂದು, ಶಿಷ್ಯರ ಕಾಲು ತೊಳೆಯುವ ಜಾಗ ಬಂತು. ಪೆನ್ಸಿಲ್ ನಿಂತಿತು. ಸತ್ತವರ ಕಾಲು ತೊಳೆದವನಿಗೆ ಬದುಕಿದ್ದವರ ಕಾಲನ್ನೂ ತೊಳೆಯಬಹುದು ಎಂದು ಅಲ್ಲಿಯವರೆಗೆ ಹೊಳೆದಿರಲಿಲ್ಲ. ಗೆದ್ದು ಬರಲು ಹೋದವನು ಬಾಯಿ ತೆರೆಯದೆ ಸೋತು ಬಂದ. ಮಾತಿನ ಮಲ್ಲ ಎಂದು ಹೆಸರು ಪಡೆದವನಿಗೆ ಮತ ಬದಲಾದದ್ದಕ್ಕಿಂತ ಹಾಗೆ ಸೋತದ್ದೇ ಹೆಚ್ಚು ನಾಚಿಕೆಯಾಗಿತ್ತು.

ವಿಷಯ ಹೊರಬಿದ್ದ ದಿನ ನೆರೆಯ ಗಡಿಯಾರ ರಿಪೇರಿಯವನು ಅವನ ಹಾಸಿಗೆಯನ್ನು ಬೀದಿಗೆ ಎಸೆದ. ಅಣ್ಣ ಬಾಗಿಲು ಹಾಕಿಕೊಂಡ. ಹೆಂಡತಿ ಮೊದಲೇ ತೀರಿಕೊಂಡಿದ್ದಳು. ಅವಳಿಗೆ ಆ ಕಷ್ಟ ತಪ್ಪಿತು. ಸಂಜೆ ಹಿತ್ತಿಲ ಬಾಗಿಲು ಸ್ವಲ್ಪ ತೆರೆಯಿತು. ಅತ್ತಿಗೆ ರೊಟ್ಟಿ, ಸಾರು ಕೊಟ್ಟಳು. ನಿಂತೇ ತಿಂದ. ನಡೆದು ಮಿಷನ್ ಕಾಂಪೌಂಡಿಗೆ ಹೋಗಿ, ಮುಖ್ಯ ಪಾದ್ರಿಯ ಮನೆಯ ಬಾಗಿಲು ತಟ್ಟಿದ. ಬಾಗಿಲು ತೆರೆದವರ ಬೂಟಿನ ಮೇಲೆ ವಾಂತಿ ಮಾಡಿದ.

ಇದಕ್ಕೆ ವಿಷ ಕಾರಣವಲ್ಲ. ಅವನ ಹೊಟ್ಟೆ ಹುಟ್ಟಾ ಹೇಡಿ. ಮದುವೆಯ ದಿನ ವಾಂತಿ ಮಾಡಿದ್ದ. ಮೊದಲ ಸಲ ಮಸೀದಿಯಲ್ಲಿ ಉಪದೇಶ ಮಾಡಿದ ದಿನವೂ ಮಾಡಿದ್ದ. ಜೀವನದಲ್ಲಿ ದೊಡ್ಡದೇನು ನಡೆದರೂ ಅದಕ್ಕೆ ಮೊದಲ ಸಾಕ್ಷಿ ಅವನ ಹೊಟ್ಟೆ. ಆದರೆ ಬೂಟು ಒರೆಸಿಕೊಳ್ಳುತ್ತ ಅವರು ಏನು ತಿಂದೆ ಎಂದು ಕೇಳಿದಾಗ, ಅತ್ತಿಗೆ ಕೊಟ್ಟದ್ದು ಎಂದು, ತನಗೆ ಬರುತ್ತಿದ್ದ ಅಷ್ಟಿಷ್ಟು ಅವರ ಭಾಷೆಯಲ್ಲೇ, ಇದ್ದದ್ದನ್ನು ಹೇಳಿದ. ವಿಷ ಹುಟ್ಟಿದ್ದು ಆ ಹೊಸ್ತಿಲಲ್ಲಿ.

ಆ ಮುಖ್ಯ ಪಾದ್ರಿಯನ್ನು ಎಲ್ಲರೂ ದೊಡ್ಡಯ್ಯ ಎನ್ನುತ್ತಿದ್ದರು. ಸಮುದ್ರದಾಚೆಯಿಂದ ಬಂದವರು. ಇಷ್ಟು ವರ್ಷದಲ್ಲಿ ಅವರು ಇಲ್ಲಿನ ಭಾಷೆಯಲ್ಲಿ ಕಲಿತ ಮಾತುಗಳು ನೀರು, ಬೇಗ, ಸಾಕು. ಶಾಸ್ತ್ರಗ್ರಂಥವನ್ನು ಈ ಭಾಷೆಗೆ ತಂದವರು ಎಂದು ಕಳೆದ ಮುದ್ರಣದ ಮೇಲೆ ಅವರ ಹೆಸರಿತ್ತು. ಆ ಮೂರು ಮಾತು ಬಿಟ್ಟು ಉಳಿದದ್ದನ್ನೆಲ್ಲ ಮೌಲ್ವಿ ಬರೆದಿದ್ದ. ಅನುವಾದ ಸಮಿತಿ ಸೇರಿದಾಗ ಉಳಿದವರಿಗೆ ಕುರ್ಚಿ, ಅವನಿಗೆ ಸ್ಟೂಲು. ಸಭೆ ಮುಗಿದ ಮೇಲೆ ಎಲ್ಲರೂ ಕೈ ತೊಳೆಯುವಾಗ ಚೊಂಬಿನಿಂದ ನೀರು ಹಾಕುವವನು ಅವನೇ. ಕಾಲು ತೊಳೆದ ಗುರುವಿನ ಹಿಂದೆ ಬಂದವನಿಗೆ ಕೈ ತೊಳೆಸುವ ಕೆಲಸವಾದರೂ ಸಿಕ್ಕಿತಲ್ಲ ಎಂದು ಅವನೇ ತನ್ನನ್ನು ಗೇಲಿ ಮಾಡಿಕೊಳ್ಳುತ್ತಿದ್ದ.

ಅನುವಾದ ಮಾತ್ರ ಅವನ ಜೀವ. ಬರೆದ ವಾಕ್ಯವನ್ನು ಆಸ್ಪತ್ರೆಯ ಅಡುಗೆಮನೆಯ ಕಿಟಕಿಗೆ ಒಯ್ದು ಓದುತ್ತಿದ್ದ. ಅತ್ತಿಗೆ ಹಂಡೆಯಲ್ಲಿ ಸೌಟು ಆಡಿಸುತ್ತ ಕೇಳುತ್ತಿದ್ದಳು. "ಇದು ಬೇಯ್ಲಿಲ್ಲ ಕಣಯ್ಯಾ" ಎಂದರೆ ವಾಪಸು ಹೋಗಿ ತಿದ್ದುತ್ತಿದ್ದ. ಅವಳು ಮತ ಬದಲಿಸಲಿಲ್ಲ. ಅವನು ಕೇಳಲೂ ಇಲ್ಲ.

ಇನ್ನು ವರ್ಷದ ಸಭೆ. ಸಮುದ್ರದಾಚೆಯಿಂದ ಅತಿಥಿಗಳು ಬರುತ್ತಿದ್ದರು. ಮೌಲ್ವಿ ಹಳೆಯ ನಿಲುವಂಗಿ, ಟೋಪಿ ಹಾಕಿಕೊಂಡು ವೇದಿಕೆಯಲ್ಲಿ ನಿಲ್ಲಬೇಕು. ದೊಡ್ಡಯ್ಯ ತಮ್ಮ ಭಾಷೆಯಲ್ಲಿ ಅವನ ಕಥೆ ಹೇಳುತ್ತಾರೆ. ಅದನ್ನು ಸಭಿಕರಿಗೆ ಇಲ್ಲಿನ ಭಾಷೆಯಲ್ಲಿ ಹೇಳುವವನು ಮೌಲ್ವಿ. ಅಂದರೆ ತನ್ನ ಸಾವಿನ ಕಥೆಗೆ ತಾನೇ ದುಭಾಷಿ. ಮೊದಲ ವರ್ಷ ವಿಷ ಒಂದು ಚಿಟಿಕೆಯಿತ್ತು. ಆಮೇಲೆ ಬಟ್ಟಲಾಯಿತು. ಒಂದು ವರ್ಷ ಅವನು ರಕ್ತ ಕಾರಿದ. ಇನ್ನೊಂದು ವರ್ಷ ಬೆಳಗಿನವರೆಗೆ ಉಸಿರಿರಲಿಲ್ಲ.

"ಇವನ ಸ್ವಂತ ಅತ್ತಿಗೆಯೇ ಅನ್ನದಲ್ಲಿ ವಿಷ ಬೆರೆಸಿದಳು" ಎಂದು ದೊಡ್ಡಯ್ಯ ಹೇಳುತ್ತಿದ್ದರು. ಅತಿಥಿಗಳು ಕರವಸ್ತ್ರ ತೆಗೆಯುತ್ತಿದ್ದರು.

"ಆ ದಿನ ನನಗೆ ಊಟ ಒಗ್ಗಲಿಲ್ಲ, ವಾಂತಿಯಾಯಿತು" ಎಂದು ಮೌಲ್ವಿ ಅನುವಾದಿಸುತ್ತಿದ್ದ. ಊರಿನವರು ಪಾಪ ಎಂದು ತಲೆ ಆಡಿಸುತ್ತಿದ್ದರು.

ಒಂದೇ ವೇದಿಕೆ, ಒಂದೇ ಮೈಕು, ಎರಡು ಕಥೆ. ಒಂದರ ಕೇಳುಗರಿಗೆ ಇನ್ನೊಂದು ಗೊತ್ತಾಗುತ್ತಿರಲಿಲ್ಲ. ದೊಡ್ಡಯ್ಯನಿಗೂ ಸಂತೋಷ, ಅತ್ತಿಗೆಗೂ ಕೇಡಿಲ್ಲ. ಇಷ್ಟು ಜಾಣ ಅನುವಾದ ಶಾಸ್ತ್ರಗ್ರಂಥದಲ್ಲೂ ತಾನು ಮಾಡಿಲ್ಲ ಎಂದು ಮೌಲ್ವಿಗೆ ಒಳಗೊಳಗೇ ಹೆಮ್ಮೆ.

ಈ ವರ್ಷ ದೊಡ್ಡಯ್ಯ ಆ ಕಥೆಯನ್ನು ಕಿರುಪುಸ್ತಕ ಮಾಡಿದರು. ಅದನ್ನು ಇಲ್ಲಿನ ಭಾಷೆಗೆ ತರುವ ಕೆಲಸ ಮ್ಯಾನೇಜರಿಗೆ ಹೋಯಿತು. ಮೌಲ್ವಿ ಪ್ರೂಫಿನಲ್ಲಿ ಮುಳುಗಿದ್ದ. ಮ್ಯಾನೇಜರ್ ಶಿಸ್ತಿನ ಮನುಷ್ಯ. ಇದ್ದದ್ದನ್ನು ಇದ್ದಂತೆ ಬರೆದ. ಅನುವಾದದಲ್ಲಿ ಒಂದೂ ತಪ್ಪಿರಲಿಲ್ಲ. ಅದೇ ಅನಾಹುತವಾಯಿತು.

ಅತ್ತಿಗೆ ಸೀದಾ ಪ್ರೂಫ್ ಕೋಣೆಗೆ ಬಂದಳು. ಕೈಯಲ್ಲಿ ಸೌಟಿತ್ತು. ಪಾತ್ರೆ ಮುಟ್ಟಬೇಡ ಎಂದಿದ್ದರು, ಸೌಟಿನ ಬಗ್ಗೆ ಏನೂ ಹೇಳಿರಲಿಲ್ಲ.

"ನಾನು ನಿಂಗೆ ಯಾವತ್ತಯ್ಯಾ ವಿಷ ಹಾಕ್ದೆ?"

ಮೌಲ್ವಿ ಎದ್ದು ನಿಂತ. "ಅತ್ತಿಗೆ, ಕೂತ್ಕೊಳ್ಳಿ."

"ಕೂತ್ಕೊಳ್ಳೋಕೆ ಬಂದಿಲ್ಲ. ಹೇಳು. ಯಾವತ್ತು?"

ಅವನು ಹೇಳಿದ. ಬೂಟು, ವಾಂತಿ, ವೇದಿಕೆ, ಎರಡು ಕಥೆಗಳ ಉಪಾಯ. ಹೇಳುತ್ತ ಹೇಳುತ್ತ ಉಪಾಯ ಅಷ್ಟೇನೂ ಜಾಣತನದ್ದಾಗಿ ಕಾಣಲಿಲ್ಲ.

ಅತ್ತಿಗೆ ಪೂರ್ತಿ ಕೇಳಿದಳು.

"ಅಂದ್ರೆ ವರ್ಷವರ್ಷ ಮೈಕಿನ ಮುಂದೆ ನಿಂತ್ಕೊಂಡು, ಅವರ ಭಾಷೇಲಿ ನಾನು ಕೊಲೆಗಾತಿ, ನಮ್ಮ ಭಾಷೇಲಿ ನಿಂಗೆ ಅಜೀರ್ಣ."

"ಹಾಗಲ್ಲ ಅತ್ತಿಗೆ..."

"ಹಾಗೇ. ನಿಂಗೆ ರೊಟ್ಟಿ ಕೊಟ್ಟಿದ್ದಕ್ಕೆ ನಿಮ್ಮಣ್ಣ ನನ್ನ ಕೆನ್ನೆಗೆ ಬಾರಿಸಿದ್ರು. ಈಗ ಅದೇ ರೊಟ್ಟಿಗೆ ನೀವೆಲ್ಲ ಸೇರಿ ಬಾರಿಸ್ತಿದ್ದೀರಿ. ಒಂದು ರೊಟ್ಟಿಗೆ ಎಷ್ಟು ಸಲ ಹೊಡ್ಸಿಕೊಳ್ಳಲಯ್ಯಾ ನಾನು?"

ಈ ಹೊಡೆತದ ಸುದ್ದಿ ಅವನಿಗೆ ಗೊತ್ತಿರಲಿಲ್ಲ. ಆ ದಿನದ ಮರುದಿನವೂ, ಅದರ ಮರುದಿನವೂ, ದೀಕ್ಷಾಸ್ನಾನ ಆಗುವವರೆಗೂ ಅವಳು ಹಿತ್ತಿಲ ಬಾಗಿಲ ಕೊಂಡಿಗೆ ಬಟ್ಟೆಯಲ್ಲಿ ರೊಟ್ಟಿ ಕಟ್ಟಿ ನೇತುಹಾಕಿದ್ದಳು.

"ದೊಡ್ಡಯ್ಯನ ಹತ್ರ ಮಾತಾಡ್ತೀನಿ" ಎಂದ.

"ಯಾವ ಭಾಷೇಲಿ?" ಎಂದು ಕೇಳಿ ಅವಳು ಹೊರಟುಹೋದಳು.

ದೊಡ್ಡಯ್ಯ ಅವನನ್ನು ನಗುತ್ತಲೇ ಬರಮಾಡಿಕೊಂಡರು. ಮೌಲ್ವಿ ನಿಂತು ಹೇಳಿದ. ಅವರು ಕೂತು ಕೇಳಿದರು. ವಿಷ ಇರಲಿಲ್ಲ, ಅದು ನನ್ನ ಹೊಟ್ಟೆಯ ದೋಷ ಎಂದ. ನೀನು ಸಾಧು, ಅವಳನ್ನು ಕಾಪಾಡುತ್ತಿದ್ದೀಯ ಎಂದರು. ಇಲ್ಲ, ನಿಜವಾಗಿಯೂ ಇರಲಿಲ್ಲ ಎಂದ. ನಿನ್ನ ಈ ಗುಣವನ್ನೂ ಈ ಸಲ ಸಭೆಯಲ್ಲಿ ಹೇಳುತ್ತೇನೆ ಎಂದರು.

ಆಮೇಲೆ ಮೇಜಿನ ಡ್ರಾಯರಿನಿಂದ ಒಂದು ಹಾಳೆ ತೆಗೆದು ಅವನ ಮುಂದಿಟ್ಟರು. ಹೊಸ ಮುದ್ರಣದ ಶೀರ್ಷಿಕೆ ಪುಟ. ಆಗಲೇ ಅಚ್ಚಾಗಿತ್ತು. ದೊಡ್ಡಯ್ಯನ ಹೆಸರಿನ ಕೆಳಗೆ, ಸ್ವಲ್ಪ ಸಣ್ಣ ಅಕ್ಷರದಲ್ಲಿ, ಅವನ ಹೆಸರಿತ್ತು. ಮೌಲ್ವಿ ಎಂದೂ ಅಲ್ಲ, ಪಾದ್ರಿ ಎಂದೂ ಅಲ್ಲ. ಅಪ್ಪ ಕಿವಿಯಲ್ಲಿ ಹೇಳಿ ಇಟ್ಟ ಹೆಸರು. ಅದನ್ನು ಯಾರೂ ಕೂಗದೆ ಎಷ್ಟು ಕಾಲವಾಗಿತ್ತೆಂದರೆ ಬೇರೆ ಯಾರದೋ ಹೆಸರು ಓದಿದಂತಾಯಿತು. ಬೆರಳು ತಾನಾಗಿ ಮುಂದೆ ಹೋಯಿತು. ಶಾಯಿ ಒಣಗಿದೆಯೋ ಇಲ್ಲವೋ ನೋಡಲಿಕ್ಕೆ ಎಂದು ತನಗೆ ತಾನೇ ಸಬೂಬು ಹೇಳಿಕೊಂಡ.

"ಈ ಸಭೆಯಲ್ಲಿ ಪುಸ್ತಕ ಬಿಡುಗಡೆ" ಎಂದರು ದೊಡ್ಡಯ್ಯ. "ಅದರ ನಂತರ ನಿನ್ನ ಪಾದ್ರಿ ದೀಕ್ಷೆ. ಅತಿಥಿಗಳು ಅದಕ್ಕಾಗಿಯೇ ಬರುತ್ತಿದ್ದಾರೆ. ನಿನ್ನ ಅತ್ತಿಗೆಯನ್ನೂ ಕರೆದುಕೊಂಡು ಬಾ. ಎಲ್ಲರ ಮುಂದೆ ಕ್ಷಮೆ ಕೇಳಲಿ. ನೀನು ಅವಳ ತಲೆಯ ಮೇಲೆ ಕೈಯಿಡು. ಮರುದಿನವೇ ಅವಳು ಅಡುಗೆಮನೆಗೆ ವಾಪಸು ಹೋಗಬಹುದು. ಕ್ಷಮಿಸಿದ್ದನ್ನು ಕಣ್ಣಾರೆ ಕಂಡ ಮೇಲೆ ರೋಗಿಗಳು ಯಾಕೆ ಹೆದರುತ್ತಾರೆ?"

ಎಲ್ಲ ಸರಿಹೋಗುತ್ತಿತ್ತು. ಅವಳಿಗೆ ಒಲೆ, ಅವನಿಗೆ ಹೆಸರು, ದೊಡ್ಡಯ್ಯನಿಗೆ ಕಥೆ. ಒಂದು ಸುಳ್ಳನ್ನು ಇಬ್ಬರೂ ಒಪ್ಪಿಕೊಂಡರೆ ಸಾಕು. ಆಗುವುದಿಲ್ಲ ಎಂದು ಮೌಲ್ವಿ ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಕೇಳಿ ನೋಡುತ್ತೇನೆ ಎಂದ. ಹೊರಗೆ ಬಂದು ಗೋಡೆಯ ಮೂಲೆಯಲ್ಲಿ ವಾಂತಿ ಮಾಡಿದ.

ಅತ್ತಿಗೆ ತನ್ನ ಒಂಟಿ ಕೋಣೆಯ ಬಾಗಿಲಲ್ಲಿ ಕೂತು ಸೌಟಿನ ಹಿಡಿಗೆ ತಂತಿ ಸುತ್ತುತ್ತಿದ್ದಳು. ಅವನು ದೊಡ್ಡಯ್ಯನ ಮಾತನ್ನು ಪದ ಬಿಡದೆ ಹೇಳಿದ. ಅನುವಾದದಲ್ಲಿ ಮೊದಲ ಸಲ ಏನನ್ನೂ ಬಚ್ಚಿಡಲಿಲ್ಲ. ಹೇಳಿ, ಅವಳು ಬೈಯಲಿ ಎಂದು ಕಾದ. ಅವಳು ಬೈದರೆ ತನಗೆ ನಿರ್ಧಾರ ಮಾಡುವ ಕೆಲಸ ತಪ್ಪುತ್ತಿತ್ತು.

"ನಿನ್ನ ಹೆಸರು ಹಾಕ್ತಾರಾ?" ಎಂದು ಕೇಳಿದಳು.

"ಹಾಕಿದಾರೆ. ಅಚ್ಚಾಗಿದೆ."

"ಚೆನ್ನಾಗಿ ಬಂದಿದ್ಯಾ?"

"ಸ್ವಲ್ಪ ಸಣ್ಣಕ್ಷರ."

ಅವಳು ತಂತಿಯ ತುದಿಯನ್ನು ಹಲ್ಲಿನಿಂದ ಕಚ್ಚಿ ಬಗ್ಗಿಸಿದಳು. "ಬರ್ತೀನಿ ಅಂತ ಹೇಳು" ಎಂದಳು.

ಸಭೆ ಹನ್ನೊಂದು ಗಂಟೆಗೆ ಶುರುವಾಯಿತು. ತಗಡಿನ ಮಾಡಿನ ಸಭಾಭವನ. ಮುಂದೆ ಅತಿಥಿಗಳಿಗೆ ಕುರ್ಚಿ, ಹಿಂದೆ ಊರಿನವರಿಗೆ ಬೆಂಚು. ಕಿಟಕಿಗಳ ಹೊರಗೆ ಹಳೆಯ ಬೀದಿಯವರು ನಿಂತಿದ್ದರು. ಒಳಗೆ ಬರುವುದು ಅವರಿಗೆ ಇಷ್ಟವಿಲ್ಲ, ಕೇಳದೆ ಇರುವುದು ಆಗುವುದಿಲ್ಲ. ಎಲ್ಲರಿಗಿಂತ ಮುಂದೆ, ಕಿಟಕಿಯ ಸರಳು ಹಿಡಿದು, ಗಡಿಯಾರ ರಿಪೇರಿಯವನಿದ್ದ.

ಮೌಲ್ವಿಗೆ ಹಳೆಯ ನಿಲುವಂಗಿ ಬಿಗಿಯಾಗಿತ್ತು. ಮತ ಬದಲಿಸಿದಾಗ ಅವನಿಗೆ ಹೊಟ್ಟೆಯಿರಲಿಲ್ಲ. ಈಗ ಗುಂಡಿ ಹಾಕಿದರೆ ಉಸಿರು ಬಿಡಲು ಆಗದು, ಬಿಟ್ಟರೆ ಗುಂಡಿ ನಿಲ್ಲದು. ಅತಿಥಿಗಳ ಸಾಲಿನಲ್ಲಿ ಒಬ್ಬ ಹೆಂಗಸು ಅವನ ಫೋಟೋ ತೆಗೆದಳು. ಅವನು ಅಭ್ಯಾಸಬಲದಿಂದ ಎದೆಯ ಮೇಲೆ ಕೈಯಿಟ್ಟು ನಿಂತ. ಎಷ್ಟೋ ಫೋಟೋಗಳಲ್ಲಿ ಹಾಗೇ ನಿಂತಿದ್ದ.

ಅತ್ತಿಗೆ ಬಂದಳು. ತೊಳೆದು ಒಣಗಿಸಿದ ಬಟ್ಟೆ, ತಲೆಯ ಮೇಲೆ ಸೆರಗು, ಕಂಕುಳಲ್ಲಿ ಮುಚ್ಚಳದ ಡಬ್ಬಿ. ಮ್ಯಾನೇಜರ್ ಅವಳನ್ನು ವೇದಿಕೆಗೆ ಹತ್ತಿಸಿ ಮೌಲ್ವಿಯ ಪಕ್ಕದಲ್ಲಿ ನಿಲ್ಲಿಸಿದ. ಡಬ್ಬಿ ಏನು ಎಂದು ಕೇಳಿದ್ದಕ್ಕೆ ಮಧ್ಯಾಹ್ನದ ಊಟ ಎಂದಳು. ಅದು ನಿಜವೇ.

ದೊಡ್ಡಯ್ಯ ಶುರುಮಾಡಿದರು. ಕತ್ತಲೆಯ ಮನೆ, ಕಠಿಣ ಅಣ್ಣ, ಓಡಿಹೋದ ವಿದ್ವಾಂಸ. ಅಲ್ಲಿಯವರೆಗೆ ಮೌಲ್ವಿ ಹೇಗೋ ಅನುವಾದಿಸಿದ. ಆಮೇಲೆ ದೊಡ್ಡಯ್ಯ ಅತ್ತಿಗೆಯ ಕಡೆ ಕೈ ತೋರಿಸಿದರು. ಇವನ ಅನ್ನದಲ್ಲಿ ವಿಷ ಬೆರೆಸಿದ ಕೈ ಇದು, ಇಂದು ಇವಳು ನಿಮ್ಮೆಲ್ಲರ ಮುಂದೆ ಕ್ಷಮೆ ಕೇಳಲು ಬಂದಿದ್ದಾಳೆ ಎಂದರು. ಅತಿಥಿಗಳ ಸಾಲಿನಲ್ಲಿ ಉಸಿರು ಎಳೆದುಕೊಂಡ ಸದ್ದು ಕೇಳಿಸಿತು. ದೊಡ್ಡಯ್ಯ ಮೌಲ್ವಿಯ ಕಡೆ ತಿರುಗಿದರು. ಬೇಗ ಎಂದರು. ಅವರಿಗೆ ಬರುವ ಮೂರು ಮಾತುಗಳಲ್ಲಿ ಅದೊಂದು.

ಮೌಲ್ವಿ ಮೈಕಿನ ಮುಂದೆ ನಿಂತ. ಊಟ ಒಗ್ಗಲಿಲ್ಲ ಎಂಬ ಹಳೆಯ ವಾಕ್ಯ ಬಾಯಿಯ ತುದಿಯಲ್ಲಿ ಸಿದ್ಧವಾಗಿತ್ತು. ಅದನ್ನು ಹೇಳಿದರೆ ಇವತ್ತೂ ಪಾರು.

"ಏನಂದ್ರು?" ಎಂದು ಅತ್ತಿಗೆ ಕೇಳಿದಳು. ಮೈಕು ಹತ್ತಿರವೇ ಇತ್ತು. ಮಾತು ಸಭೆಗೆಲ್ಲ ಕೇಳಿಸಿತು.

ಮೌಲ್ವಿ ಅವಳ ಕಡೆ ತಿರುಗಿದ.

"ನೀವು ನಂಗೆ ವಿಷ ಹಾಕಿದ್ರಿ ಅಂದ್ರು. ಕ್ಷಮೆ ಕೇಳ್ಬೇಕು ಅಂದ್ರು."

ಬೆಂಚಿನ ಸಾಲುಗಳಲ್ಲಿ ಗದ್ದಲವೆದ್ದಿತು.

"ಅವರು ಅಂದಿದ್ದಾಯ್ತು. ನೀನೇನಂತೀಯ?"

ನಿಲುವಂಗಿಯ ಮೇಲಿನ ಗುಂಡಿ ಹಾರಿ ಹಲಗೆಯ ಮೇಲೆ ಉರುಳಿತು. ಮೌಲ್ವಿ ಉಸಿರು ಬಿಟ್ಟಿದ್ದ.

"ಸುಳ್ಳು" ಎಂದ. "ಇವರು ನಂಗೆ ಅನ್ನ ಹಾಕಿದ್ರು. ಎಲ್ಲರೂ ಬಾಗಿಲು ಹಾಕ್ಕೊಂಡಾಗ ಇವರೊಬ್ರೇ ಹಾಕಿದ್ರು. ವಿಷ ಯಾರೂ ಹಾಕ್ಲಿಲ್ಲ. ವಾಂತಿ ಮಾಡಿದ್ದು ಹೆದರಿಕೆಗೆ. ನಾನು ಹೆದರುಪುಕ್ಕಲ. ಇಷ್ಟು ವರ್ಷ ಇಲ್ಲೇ ನಿಂತು ನಿಮಗೆಲ್ಲ ಅರ್ಧ ಹೇಳಿದ್ದೀನಿ."

ದೊಡ್ಡಯ್ಯ ಅವನ ತೋಳು ಹಿಡಿದರು. ನನ್ನ ಮಾತನ್ನು ಅನುವಾದಿಸು ಎಂದು ತಮ್ಮ ಭಾಷೆಯಲ್ಲಿ ಪಿಸುಗುಟ್ಟಿದರು.

"ಆಗುವುದಿಲ್ಲ" ಎಂದು ಮೌಲ್ವಿ ಅವರ ಭಾಷೆಯಲ್ಲೇ ಹೇಳಿದ. ಅವರಿಗೆ ಆ ಮಾತನ್ನು ಅವನು ಹೇಳಿದ್ದು ಅದೇ ಮೊದಲು. ಉಚ್ಚಾರ ಚೆನ್ನಾಗಿಯೇ ಬಂತು.

ಫೋಟೋ ತೆಗೆದ ಹೆಂಗಸು ಎದ್ದು, ಅವನೇನು ಹೇಳಿದ ಎಂದು ಕೇಳಿದಳು. ದೊಡ್ಡಯ್ಯ ಮ್ಯಾನೇಜರಿಗೆ ಸನ್ನೆ ಮಾಡಿದರು. ಏನಾದರೂ ಹೇಳಿ ಸುಧಾರಿಸು ಎಂಬುದು ಅವರ ಇಂಗಿತ. ಮ್ಯಾನೇಜರಿಗೆ ಇಂಗಿತ ತಿಳಿಯುವುದಿಲ್ಲ. ಅವನು ಎದ್ದು ನಿಂತು ಮೌಲ್ವಿಯ ಮಾತನ್ನು ಮೊದಲಿನಿಂದ ಕೊನೆಯವರೆಗೆ, ಸುಳ್ಳು ಎಂಬ ಮಾತಿನಿಂದ ಹೆದರುಪುಕ್ಕಲ ಎಂಬ ಮಾತಿನವರೆಗೆ, ಇದ್ದದ್ದನ್ನು ಇದ್ದಂತೆ ಅನುವಾದಿಸಿದ. ಒಂದೂ ತಪ್ಪಿರಲಿಲ್ಲ.

ಅತ್ತಿಗೆ ಡಬ್ಬಿಯ ಮುಚ್ಚಳ ತೆಗೆದಳು. ರೊಟ್ಟಿ, ಸಾರು. ಒಂದು ತುಂಡು ಮುರಿದು ಅದ್ದಿ ಅವನ ಮುಂದೆ ಹಿಡಿದಳು.

"ಬಾಯಲ್ಲಿ ಹೇಳಿದ್ರೆ ಯಾರು ನಂಬ್ತಾರೆ? ತಿನ್ನು."

ಮೌಲ್ವಿ ಬಾಯಿ ತೆರೆದ. ತುತ್ತು ಒಳಗೆ ಹೋಯಿತು. ಅಗಿದ. ಆಗ ಹೊಟ್ಟೆ ತನ್ನ ಹಳೆಯ ಚಾಳಿ ತೆಗೆಯಿತು. ಗಂಟಲವರೆಗೆ ಏನೋ ಏರಿಬಂತು. ಕಣ್ಣಲ್ಲಿ ನೀರು ತುಂಬಿತು. ಹಣೆ ಬೆವರಿತು. ಈಗ ಇಲ್ಲಿ ಕಕ್ಕಿದರೆ ಸಮುದ್ರದ ಎರಡೂ ದಡಗಳಲ್ಲಿ ಅವಳು ಸಾಯುವವರೆಗೂ ಕೊಲೆಗಾತಿ. ಅವನ ಇಡೀ ವಿದ್ಯೆ, ಎರಡು ಧರ್ಮದ ಶಾಸ್ತ್ರ, ಮೂರು ಭಾಷೆ, ಒಂದು ತುತ್ತನ್ನು ಕೆಳಗಿಳಿಸಲು ಉಪಯೋಗಕ್ಕೆ ಬರಲಿಲ್ಲ.

"ನುಂಗು" ಎಂದಳು ಅತ್ತಿಗೆ, ತುಟಿ ಅಲುಗಿಸದೆ. "ನುಂಗಯ್ಯಾ. ಎಲ್ಲಾ ನೋಡ್ತಿದಾರೆ."

ಕಿಟಕಿಯಿಂದ ಗಡಿಯಾರ ರಿಪೇರಿಯವನು ಕೂಗಿದ. "ಏ ಪಾದ್ರೀ! ತಿನ್ನೋ! ನಮ್ಮ ಬೀದಿ ಹೆಣ್ಣುಮಗಳ ಮಾನ ತೆಗೀಬೇಡ!"

ಹೆಣ ತೊಳೆಯುವಾಗಲೂ ಮೊದಮೊದಲು ಹೀಗೆಯೇ ಗಂಟಲಿಗೆ ಬರುತ್ತಿತ್ತು. ಆಗ ಅವನು ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದ. ಈಗಲೂ ತಲೆ ತಗ್ಗಿಸಿದ. ಅತ್ತಿಗೆಯ ಕಾಲು ಕಂಡಿತು. ಚಪ್ಪಲಿಯಿಲ್ಲದ ಕಾಲು. ಕುದಿವ ಗಂಜಿ ಬಿದ್ದು ಬೆಳ್ಳಗಾದ ಕಲೆ. ಸೀಳಿದ ಹಿಮ್ಮಡಿ.

ನುಂಗಿದ.

ಇನ್ನೊಂದು ತುತ್ತು ತಾನೇ ಮುರಿದುಕೊಂಡ.

"ಉಪ್ಪು ಜಾಸ್ತಿ" ಎಂದ.

"ಮೊದಲಿಂದ್ಲೂ ನಿಂಗೆ ನನ್ನ ಅಡುಗೆ ಹಿಡಿಸ್ಲೇ ಇಲ್ಲ" ಎಂದಳು ಅತ್ತಿಗೆ.

ಮೈಕು ಇದನ್ನೂ ಬಿಡಲಿಲ್ಲ. ಬೆಂಚುಗಳಲ್ಲಿ ನಗು ಎದ್ದಿತು. ದೊಡ್ಡಯ್ಯ ಸಾಕು ಎಂದರು, ಹಾಡುವವರಿಗೆ ಹಾಡಲು ಹೇಳಿದರು. ಹಾಡು ಶುರುವಾಯಿತು. ಮೌಲ್ವಿ ನಿಲ್ಲಿಸುವುದು ಹೇಗೆಂದು ತಿಳಿಯದೆ ಹಾಡು ಮುಗಿಯುವವರೆಗೂ ತಿನ್ನುತ್ತಲೇ ಇದ್ದ.

ಮರುದಿನ ಅವನ ಕೋಣೆಗೆ ಬೀಗ ಬಿತ್ತು. ಹಾಸಿಗೆಯನ್ನು ಈ ಸಲ ಯಾರೂ ಬೀದಿಗೆ ಎಸೆಯಲಿಲ್ಲ. ಮ್ಯಾನೇಜರ್ ನೀಟಾಗಿ ಸುತ್ತಿ, ಹಗ್ಗ ಕಟ್ಟಿ, ಗೇಟಿನ ಹೊರಗೆ ಇಟ್ಟಿದ್ದ. ಅತ್ತಿಗೆಗೂ ಒಲೆ ವಾಪಸು ಸಿಗಲಿಲ್ಲ. ಕ್ಷಮೆ ಕೇಳಿದ್ದರೆ ಸಿಗುತ್ತಿತ್ತು.

ಇಬ್ಬರೂ ಆಸ್ಪತ್ರೆಯ ಗೇಟಿನ ಪಕ್ಕದ ಗೋಡೆಗೆ ಒರಗಿ ಕೂತರು. ಮಧ್ಯಾಹ್ನ ಎಲ್ಲರೂ ಓಡಾಡುವ ಹೊತ್ತಿಗೆ ಅವಳು ಡಬ್ಬಿ ತೆಗೆಯುವುದು, ಅವನು ತಿನ್ನುವುದು. ಮರುದಿನವೂ ಹಾಗೇ. ಅದರ ಮರುದಿನವೂ ಹಾಗೇ. ಉಪವಾಸ ಕೂತು ಹಟ ಹಿಡಿದವರನ್ನು ಆ ಊರು ಕಂಡಿತ್ತು. ಉಂಡು ಹಟ ಹಿಡಿದವನನ್ನು ಕಂಡದ್ದು ಅದೇ ಮೊದಲು. ಮೌಲ್ವಿಗೂ ಇದು ಸ್ವಲ್ಪ ಅವಮಾನವೇ. ಧರ್ಮಕ್ಕಾಗಿ ಪ್ರಾಣ ಕೊಡಬೇಕಾಗಿ ಬಂದರೆ ಹೇಗೆ ಕೊಡುವುದೆಂದು ಬಹಳ ಸಲ ಯೋಚಿಸಿದ್ದ. ರೊಟ್ಟಿ ತಿನ್ನಬೇಕಾಗಿ ಬರುತ್ತದೆಂದು ಎಣಿಸಿರಲಿಲ್ಲ.

"ಇವತ್ತೂ ಸಾಯ್ಲಿಲ್ವಾ?" ಎಂದು ಗೇಟಿನ ವಾಚ್‌ಮನ್ ಕೇಳುತ್ತಿದ್ದ.

"ನಾಳೆ ನೋಡೋಣ" ಎನ್ನುತ್ತಿದ್ದ ಮೌಲ್ವಿ.

ಒಳಗೆ ಹೊಸ ಅಡುಗೆಯವನು ದಿನವೂ ಗಂಜಿ ಸೀಯಿಸುತ್ತಿದ್ದ. ರೋಗಿಗಳ ಕಡೆಯವರು ಮೊದಲು ದೂರ ನಿಂತು ನೋಡಿದರು. ಆಮೇಲೆ ಹತ್ತಿರ ಬಂದು ನೋಡಿದರು. ಗಂಜಿ ಸುರಿದ ಆ ಗಂಡನೇ ಒಂದು ದಿನ ಖಾಲಿ ಬಟ್ಟಲು ಹಿಡಿದು ಬಂದ.

"ಬಾಣಂತಿ ಸೀದದ್ದು ಮುಟ್ತಿಲ್ಲಮ್ಮಾ. ಏನಾದ್ರೂ ಇದ್ಯಾ?"

"ವಿಷ ಇದೆ. ಸಾರಲ್ಲಿ ಅದ್ದಿ ಕೊಡ್ಲಾ?" ಎಂದಳು ಅತ್ತಿಗೆ. ಅವನು ಬಟ್ಟಲನ್ನು ಮುಂದೆ ಚಾಚಿದ. ಅವಳು ಬಟ್ಟಲು ತುಂಬಿಸಿದಳು.

ವಾರ ಕಳೆಯುವಷ್ಟರಲ್ಲಿ ದಾದಿಯಮ್ಮ ಗೇಟಿಗೆ ಬಂದರು. ಎಲ್ಲರ ಎದುರು ಡಬ್ಬಿಯಿಂದ ಒಂದು ತುಂಡು ಎತ್ತಿ ಬಾಯಿಗೆ ಹಾಕಿಕೊಂಡರು. "ದೊಡ್ಡಯ್ಯನಿಗೆ ನಾನು ಹೇಳ್ಕೊಳ್ತೀನಿ. ಒಳಗೆ ಬಾ. ಗಂಜಿ ಸೀಯ್ತಿದೆ" ಎಂದರು.

ಅತ್ತಿಗೆ ಎದ್ದು ಸೆರಗು ಕೊಡವಿದಳು. "ಕ್ಷಮೆಗಿಮೆ ಕೇಳಲ್ಲ" ಎಂದಳು.

"ಹಂಡೆ ಇಳಿಸ್ತೀಯಾ?"

"ಇಳಿಸ್ತೀನಿ."

ಮೌಲ್ವಿಯನ್ನು ಯಾರೂ ಒಳಗೆ ಕರೆಯಲಿಲ್ಲ. ಅವನು ಹೊರಗಿನಿಂದ ಸುತ್ತಿ ಬಂದು ಅಡುಗೆಮನೆಯ ಕಿಟಕಿಯ ಬಳಿ ನಿಲ್ಲುವುದನ್ನು ಯಾರೂ ತಡೆಯಲೂ ಇಲ್ಲ. ಪ್ರಾರ್ಥನೆ ಬಿಡಲಿಲ್ಲ. ಗೋಡೆಯ ಪಕ್ಕದಲ್ಲೇ ಮಾಡುತ್ತಿದ್ದ. ದೇವರು ಕಾಂಪೌಂಡಿನ ಒಳಗೆ ಮಾತ್ರ ಇರುತ್ತಾನೆಂದು ಅವನು ಅನುವಾದಿಸಿದ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ.

ತಿಂಗಳ ಕೊನೆಗೆ ಪುಸ್ತಕ ಹೊರಬಂತು. ಶೀರ್ಷಿಕೆ ಪುಟವನ್ನು ಹೊಸದಾಗಿ ಅಚ್ಚು ಹಾಕಿಸಿದ್ದರು. ಅದರಲ್ಲಿ ಒಂದೇ ಹೆಸರಿತ್ತು. ಹಳೆಯ ಪುಟಗಳು ಪ್ರೆಸ್ಸಿನ ರದ್ದಿಗೆ ಬಿದ್ದವು. ಪ್ರೆಸ್ಸಿನ ರದ್ದಿ ಯಾವಾಗಲೂ ಒಲೆ ಹೊತ್ತಿಸಲು ಆಸ್ಪತ್ರೆಯ ಅಡುಗೆಮನೆಗೆ ಹೋಗುತ್ತಿತ್ತು. ಈ ಸಲವೂ ಹೋಯಿತು.

ಅತ್ತಿಗೆ ಕಟ್ಟು ಬಿಚ್ಚಿ ಒಂದು ಹಾಳೆಯನ್ನು ಕಿಟಕಿಯ ಕಡೆ ಹಿಡಿದಳು.

"ಒಳ್ಳೆ ದಪ್ಪ ಕಾಗದ. ಏನಯ್ಯಾ ಬರೆದಿದೆ ಇದರಲ್ಲಿ?"

ಮೌಲ್ವಿ ಓದಿದ. ಕೆಳಗಿನ ಸಾಲು, ಸ್ವಲ್ಪ ಸಣ್ಣ ಅಕ್ಷರ.

"ಏನಿಲ್ಲ ಅತ್ತಿಗೆ. ಹೊತ್ತಿಸಿ."

ಅವಳು ಹೊತ್ತಿಸಿದಳು. ಆ ದಿನ ಗಂಜಿ ಹೊತ್ತಿಗೆ ಸರಿಯಾಗಿ ವಾರ್ಡುಗಳಿಗೆ ಹೋಯಿತು. ಒಂದು ಬಟ್ಟಲೂ ವಾಪಸು ಬರಲಿಲ್ಲ.